ಎಲ್ಲ ಡೆತ್ ಮೆಟಲ್ ಆಲ್ಬಂಗಳೂ ಒಂದೇ ಥರ ಕೇಳಿಸಿದರೆ ರಿವ್ಯೂ ಬರೆಯುವುದು ಹೇಗೆ?

ಹೊಸ ಎಕ್ಸ್‌ಟ್ರೀಮ್ ಡೆತ್ ಮೆಟಲ್ (ಹೆವಿ ಮೆಟಲ್ ಸಂಗೀತದ ತೀರಾ ಉಗ್ರವಾದ ಒಂದು ಕವಲು) ಆಲ್ಬಂಗಳಿಗೆ ರಿವ್ಯೂ ಬರೆಯಲು ಕೂತರೆ "ಬ್ರೂಟಲ್", "ಭಯಂಕರ ಸ್ಪೀಡ್" ಬಿಟ್ಟು ಬೇರೆ ಪದವೇ ಬರುತ್ತಿಲ್ಲ, ಎಲ್ಲವೂ ಒಂದೇ ಥರ ಕೇಳಿಸುತ್ತವೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅದರಿಂದ ಕಲಿತದ್ದನ್ನು ಹೇಳುತ್ತೇನೆ. ಪದ ಬರುತ್ತಿಲ್ಲ ಅಂದರೆ ಆಲ್ಬಂ ಇನ್ನೂ ಕಿವಿಗೆ ಇಳಿದಿಲ್ಲ ಅಂತ. ಇನ್ನೂ ಮೂರ್ನಾಲ್ಕು ಸಲ ಕೇಳಿ.

ಸುಮ್ನೆ ರಿಪೀಟ್ ಹಾಕಿ ಕೇಳುವುದಲ್ಲ. ಮೊದಲ ಸಲ ನಾನು ಏನೂ ಬರೆದುಕೊಳ್ಳುವುದಿಲ್ಲ. ಎರಡನೇ ಸಲ ಡ್ರಮ್ಸ್ ಒಂದನ್ನೇ ಹಿಂಬಾಲಿಸುತ್ತೇನೆ, ಆಮೇಲೆ ಗಿಟಾರ್, ಆಮೇಲೆ ಬಾಸ್ ಗಿಟಾರ್. ಡ್ರಮ್ಸ್‌ನಿಂದ ಶುರು ಮಾಡಲು ಕಾರಣ ಇದೆ. ನಿಮಿಷಕ್ಕೆ 240 ಬೀಟ್ ವೇಗದಲ್ಲಿ ಡ್ರಮ್ಮರ್ ಡಬಲ್ ಬಾಸ್, ಅಂದರೆ ಎರಡೂ ಕಾಲಿನಿಂದ ದೊಡ್ಡ ಡ್ರಮ್, ನುಡಿಸುತ್ತಿದ್ದಾನೆ ಅಂದುಕೊಳ್ಳಿ. ಬೀಟ್‌ಗೆ ನಾಲ್ಕು ಪೆಟ್ಟು ಹಿಡಿದರೂ ಸೆಕೆಂಡಿಗೆ 16 ಪೆಟ್ಟು ಆಯಿತು. ಅಷ್ಟನ್ನು ಕಿವಿ ಒಂದೊಂದಾಗಿ ಎಣಿಸುವುದಿಲ್ಲ, ಅದು ಒಂದೇ ಸಮ ಸುರಿಯುವ ಮಳೆಯ ಹಾಗೆ ಆಗಿಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮಳೆ ಬರುತ್ತಿದೆ ಅನ್ನುವುದೇ ಮರೆತುಹೋಗುತ್ತದೆ, ನಿಂತಾಗಲೇ ಗೊತ್ತಾಗುವುದು. ಅದಕ್ಕೇ ವೇಗ ಎಷ್ಟು ಅನ್ನುವುದಕ್ಕಿಂತ ವೇಗ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಸಫೊಕೇಶನ್ ತಂಡದ 1991ರ ಮೊದಲ ಆಲ್ಬಂ ಕೇಳಿ ನೋಡಿ. ಅಷ್ಟು ವೇಗದ ನಡುವೆ ಇದ್ದಕ್ಕಿದ್ದಂತೆ ಎಲ್ಲ ನಿಧಾನವಾಗಿ ಭಾರ ಇಳಿಯುವ ಜಾಗಗಳಿವೆಯಲ್ಲ, ಮುಂದೆ ಸ್ಲ್ಯಾಮ್ ಅನ್ನುವ ಒಂದು ಪೂರ್ತಿ ಶೈಲಿ ಬೆಳೆದದ್ದು ಅಂಥ ಜಾಗಗಳಿಂದಲೇ.

ಗಿಟಾರ್‌ಗೆ ನನ್ನದು ಒಂದೇ ಪರೀಕ್ಷೆ: ಮರುದಿನ ಬೆಳಿಗ್ಗೆ ಒಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಆದರೂ ಬಾಯಲ್ಲಿ ಗುನುಗಲು ಬರುತ್ತದಾ? ಈ ಸಂಗೀತದಲ್ಲಿ ಹಾಡುವ ಧಾಟಿ ಸಾಮಾನ್ಯವಾಗಿ ಇರುವುದಿಲ್ಲ, ಹಾಡನ್ನು ಹೊತ್ತು ನಡೆಯುವುದು ರಿಫ್. ನೂರು ರಿಫ್ ತುರುಕಿ ಒಂದೂ ನೆನಪಲ್ಲಿ ಉಳಿಯದಿದ್ದರೆ ಎಷ್ಟೇ ಕೈಚಳಕ ಇದ್ದರೂ ನಾನು ಆ ಆಲ್ಬಂ ಹೊಗಳುವುದಿಲ್ಲ. ಗ್ರೌಲ್, ಅಂದರೆ ಗಂಟಲಿನಿಂದ ಗುರುಗುಟ್ಟುವ ಹಾಡುಗಾರಿಕೆ ಕೂಡ ಹೆಚ್ಚುಕಡಿಮೆ ತಾಳವಾದ್ಯದ ಕೆಲಸವನ್ನೇ ಮಾಡುತ್ತದೆ, ಅಕ್ಷರಗಳು ಡ್ರಮ್ಸ್ ಜೊತೆ ಬೀಳುತ್ತವಾ ಅಥವಾ ಅದಕ್ಕೆ ಎದುರಾಗಿ ಬೀಳುತ್ತವಾ ಅಂತ ಗಮನಿಸಿ. ಸಾಹಿತ್ಯವನ್ನೂ ಓದಿ. ರಕ್ತ, ಹೆಣ ಎಲ್ಲ ಈ ಸಂಗೀತದಲ್ಲಿ ಹಳೆಯದು, ಅದಕ್ಕೆ ನನ್ನ ತಕರಾರಿಲ್ಲ, ಆದರೆ ಹೆಂಗಸರ ಮೇಲಿನ ಹಿಂಸೆಯನ್ನೇ ಮಜಾ ಅಂತ ಬರೆದಿದ್ದರೆ ರಿವ್ಯೂನಲ್ಲಿ ಅದನ್ನು ನೇರವಾಗಿ ಹೇಳುತ್ತೇನೆ.

ಇನ್ನೊಂದು, ಹಳೆಯದನ್ನು ಕೇಳದೆ ಹೊಸದರ ಬಗ್ಗೆ ಬರೆಯಲು ಆಗುವುದಿಲ್ಲ. ಈ ಸಂಗೀತಕ್ಕೂ ಮನೆತನಗಳಿವೆ. ಫ್ಲಾರಿಡಾದ ಟ್ಯಾಂಪಾದಲ್ಲಿ ಮಾರಿಸೌಂಡ್ ಸ್ಟುಡಿಯೋ, ಅಲ್ಲಿ ಪ್ರೊಡ್ಯೂಸರ್ ಸ್ಕಾಟ್ ಬರ್ನ್ಸ್ ಕೆಲಸ ಮಾಡಿದ ಆಲ್ಬಂಗಳಲ್ಲಿ ಸದ್ದು ಬಿಗಿ, ಪ್ರತಿ ಪೆಟ್ಟೂ ಬಿಡಿಬಿಡಿ. ಅದೇ ಕಾಲಕ್ಕೆ ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ ಬಾಸ್ (Boss) ಅನ್ನುವ ಕಂಪನಿಯ, ಗಿಟಾರ್ ಸದ್ದನ್ನು ಒರಟು ಮಾಡುವ ಎಚ್‌ಎಂ-2 ಪೆಡಲ್‌ನ ಎಲ್ಲ ನಾಬ್‌ಗಳನ್ನೂ ಕೊನೆಯವರೆಗೆ ತಿರುಗಿಸಿ ಗರಗಸದಂಥ ಗಿಟಾರ್ ಸದ್ದು ತೆಗೆದರು, ಎಂಟೂಮ್ಡ್ ತಂಡದ 1990ರ ಆಲ್ಬಂ ಕೇಳಿದರೆ ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತದೆ. ಕೆನಡಾದ ಕ್ವಿಬೆಕ್‌ನ ಗೋರ್ಗಟ್ಸ್ ತಂಡ 1998ರಲ್ಲಿ ಅಪಸ್ವರಗಳನ್ನೇ ಇಟ್ಟುಕೊಂಡು ಬೇರೆಯೇ ದಾರಿ ಹಿಡಿಯಿತು. ಇವತ್ತು ಬರುವ ಎಷ್ಟೋ ಆಲ್ಬಂಗಳ ಬೇರು ಇಂಥ ಯಾವುದೋ ಮನೆಯಲ್ಲಿರುತ್ತದೆ. ಯಾವ ಮನೆ, ಅದಕ್ಕೆ ಈ ತಂಡ ತನ್ನದಾಗಿ ಏನು ಸೇರಿಸಿದೆ, ಇಷ್ಟು ಹೇಳಿದರೆ ಓದುವವರಿಗೆ ಅರ್ಧ ರಿವ್ಯೂ ಸಿಕ್ಕಿದ ಹಾಗೆ.

"ಒಂದೇ ಥರ" ಅನ್ನುವುದಕ್ಕೆ 2024ರ ಎರಡು ಆಲ್ಬಂ ಪಕ್ಕಪಕ್ಕ ಇಟ್ಟು ಕೇಳಿ. ಬ್ಲಡ್ ಇನ್‌ಕ್ಯಾಂಟೇಶನ್ ತಂಡ ಆ ವರ್ಷ ತಂದ ಆಲ್ಬಂನಲ್ಲಿ ಇರುವುದೇ ಎರಡು ರಚನೆ, ಒಂದೊಂದೂ ಮೂರು ಭಾಗ. ಬ್ಲಾಸ್ಟ್ ಬೀಟ್ (ಅತಿ ವೇಗದ ಡ್ರಮ್ಸ್ ಪೆಟ್ಟು) ಮುಗಿಯುತ್ತಿದ್ದ ಹಾಗೆ ಎಪ್ಪತ್ತರ ದಶಕದ ಥರದ ಸಿಂಥಸೈಜರ್ ಸಂಗೀತ ಶುರುವಾಗುತ್ತದೆ, ಆ ಸಂಗೀತಕ್ಕೇ ಹೆಸರಾದ ಟ್ಯಾಂಜರೀನ್ ಡ್ರೀಮ್ ತಂಡದವರೊಬ್ಬರು ಬಂದು ನುಡಿಸಿದ್ದಾರೆ. ನ್ಯೂಜಿಲೆಂಡ್‌ನ ಅಲ್ಸರೇಟ್ ಮೂರೇ ಜನರ ತಂಡ. ಅವರ ಆಲ್ಬಂನಲ್ಲಿ ಗಿಟಾರ್ ಉದ್ದಕ್ಕೂ ದುಃಖದಲ್ಲೇ ಇರುತ್ತದೆ, ಅದರ ಕೆಳಗೆ ಡ್ರಮ್ಸ್ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಎರಡೂ ಡೆತ್ ಮೆಟಲ್ಲೇ ಅಲ್ವಾ, ಆದರೆ ಒಂದಕ್ಕೆ ಬರೆದ ವಾಕ್ಯ ಇನ್ನೊಂದಕ್ಕೆ ಹೊಂದುವುದೇ ಇಲ್ಲ.

ಯಾವುದರಲ್ಲಿ ಕೇಳುತ್ತೀರಿ ಅನ್ನುವುದೂ ಮುಖ್ಯ. ನಾನು ಒಮ್ಮೆ ಒಂದು ಸಣ್ಣ ತಂಡದ ಮೊದಲ ಆಲ್ಬಂ ಅನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಿ "ಬಾಸ್ ಗಿಟಾರ್ ಇಲ್ಲವೇ ಇಲ್ಲ" ಅಂತ ಬರೆದುಬಿಟ್ಟೆ. ತಿಂಗಳುಗಳ ನಂತರ ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿದರೆ ಬಾಸ್ ಅನ್ನುವುದು ಗಿಟಾರ್‌ನ ಹಿಂದೆ ಓಡದೆ ತನ್ನದೇ ದಾರಿಯಲ್ಲಿ ಹೋಗುತ್ತಿತ್ತು, ಎರಡು ಹಾಡು ನಿಂತಿದ್ದೇ ಅದರ ಮೇಲೆ. ಗಿಟಾರ್ ಅನ್ನು ಬಿ ಸ್ವರಕ್ಕೆ ಇಳಿಸಿದರೆ ಕೆಳಗಿನ ತಂತಿ ಸುಮಾರು 62 ಹರ್ಟ್ಸ್, ಬಾಸ್ ಅದರ ಅರ್ಧ, 31ರ ಹತ್ತಿರ. ಫೋನ್ ಸ್ಪೀಕರ್ ಆ ಆಳಕ್ಕೆ ಇಳಿಯುವುದಿಲ್ಲ. ರಿವ್ಯೂ ತಿದ್ದಿದೆ, ತಪ್ಪಾಗಿತ್ತು ಅಂತ ಮೇಲೆಯೇ ಬರೆದೆ. ಆ ತಂಡದವರು ವರ್ಷಗಟ್ಟಲೆ ದುಡಿದದ್ದನ್ನು ನಾನು ಒಂದು ಸಂಜೆಯಲ್ಲಿ ತಳ್ಳಿಹಾಕಿದ್ದು ಇವತ್ತಿಗೂ ಬೇಜಾರು. ಹಾಗೇ ಎರಡು ಆಲ್ಬಂ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ, ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ನಂಬಿಬಿಡುತ್ತದೆ.

ಅಂಕ ಕೊಡುವುದು ಬಿಡುವುದು ನಿಮ್ಮಿಷ್ಟ, ನಾನು ಕೊಡುವುದಿಲ್ಲ. ತಂಡದವರು ಆಲ್ಬಂ ಪುಕ್ಕಟೆ ಕಳಿಸಿದ್ದರೆ ಅದನ್ನು ಹೇಳಿ.

ಈಗ ನಿಮಗೆ ಒಂದೇ ಥರ ಅನಿಸಿದ ಆಲ್ಬಂಗಳಲ್ಲಿ ಒಂದನ್ನು ಆರಿಸಿ. ಹೆಡ್‌ಫೋನ್ ಹಾಕಿಕೊಂಡು ಏನೋ ಬದಲಾಯಿತು ಅನಿಸಿದ ಮೂರು ಜಾಗಗಳ ನಿಮಿಷ, ಸೆಕೆಂಡ್ ಬರೆದುಕೊಳ್ಳಿ, ಪಕ್ಕದಲ್ಲಿ ಏನು ಬದಲಾಯಿತು ಅಂತ ಒಂದು ಸಾಲು. ರಿವ್ಯೂ ಅಲ್ಲಿಂದ ಶುರು ಮಾಡಿ.