ನಲವತ್ತೆರಡು ಕ್ರೆಡಿಟ್

(ಹೆಸರು ಮತ್ತು ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ವಿದ್ಯಾರ್ಥಿನಿ ಮತ್ತು ಆಕೆಯ ಅಪ್ಪ ಇಬ್ಬರೂ ಒಪ್ಪಿದ್ದಾರೆ.)

ನಾನು ವಿದ್ಯಾರ್ಥಿಗಳ ಆಪ್ತಸಲಹೆಗಾರ್ತಿ. ಸಿಂಧು ಮೊದಲ ಸಲ ನನ್ನ ಕೋಣೆಗೆ ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಆರನೇ ಸೆಮಿಸ್ಟರ್. ವಿದ್ಯಾರ್ಥಿ ವಿನಿಮಯದಲ್ಲಿ ಆಯ್ಕೆಯಾಗಿ, ಏಳನೇ ಸೆಮಿಸ್ಟರನ್ನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಓದಲು ಹೊರಟಿದ್ದಳು. ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಮೂರು ವಾರದಿಂದ ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಹಾಸ್ಟೆಲ್ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ದೂರ ಹೋಗೋಕೆ ಭಯ ಆಗ್ತಿದೆಯಾ?" ಅಂತ ಕೇಳಿದೆ.

"ಹೋಗೋಕೆ ಭಯ ಇಲ್ಲ ಮೇಡಂ. ಕೋರ್ಸ್ ಲಿಸ್ಟ್ ಕೊಡೋಕೆ ಹತ್ತೇ ದಿನ ಇದೆ. ಅದೇ ಆಗ್ತಿಲ್ಲ."

ಬ್ಯಾಗಿನಿಂದ ಒಂದು ಹಾಳೆ ತೆಗೆದಳು. ಲ್ಯಾಬ್ ಅಬ್ಸರ್ವೇಷನ್ ಪುಸ್ತಕದಿಂದ ಹರಿದದ್ದು, ನಾಲ್ಕು ಮಡಿಕೆ. ಪೆನ್ಸಿಲಿನಲ್ಲಿ ಎಂಟು ಕೋರ್ಸ್ ಬರೆದಿದ್ದಳು. ವೈರ್‌ಲೆಸ್ ಕಮ್ಯುನಿಕೇಷನ್, ವಿಎಲ್‌ಎಸ್‌ಐ (ಚಿಪ್ ವಿನ್ಯಾಸ), ಮಷಿನ್ ಲರ್ನಿಂಗ್, ರೊಬೊಟಿಕ್ಸ್, ಎಂಬೆಡೆಡ್ ಸಿಸ್ಟಮ್ಸ್, ಇಮೇಜ್ ಪ್ರೊಸೆಸಿಂಗ್, ಉದ್ಯಮಶೀಲತೆ, ಜರ್ಮನ್ ಭಾಷೆ. ಕೆಳಗೆ ಒಟ್ಟು 42 ಕ್ರೆಡಿಟ್. ಒಂದು ಕೋರ್ಸಿನ ಓದಿನ ಭಾರ ಎಷ್ಟು ಅಂತ ಅಳೆಯುವ ಲೆಕ್ಕ ಅದು. ಆ ಒಟ್ಟು ಇದ್ದ ಜಾಗದಲ್ಲಿ ರಬ್ಬರಿನಿಂದ ಎಷ್ಟು ಸಲ ಉಜ್ಜಿದ್ದಳೆಂದರೆ ಹಾಳೆ ತೆಳ್ಳಗಾಗಿ, ಕಿಟಕಿಯ ಬೆಳಕು ಅಲ್ಲಿಂದ ಆಚೆ ಕಾಣುತ್ತಿತ್ತು. ಒಂದು ಸಲ 36, ಒಂದು ಸಲ 45, ಮತ್ತೆ 42. ನನಗೆ ಅವಳ ಮೂರು ವಾರ ಆ ಒಂದು ಜಾಗದಲ್ಲೇ ಕಂಡಿತು.

ಯುರೋಪಿನ ಕ್ರೆಡಿಟ್ ಲೆಕ್ಕವೇ ಬೇರೆ. ಇಸಿಟಿಎಸ್ ಅಂತ ಕರೆಯುತ್ತಾರೆ. ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠವಿದ್ದರೆ ಒಂದು ಕ್ರೆಡಿಟ್. ಅಲ್ಲಿ ಪಾಠ, ಮನೆಯಲ್ಲಿ ಓದು, ಪರೀಕ್ಷೆ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆ ಕೆಲಸಕ್ಕೆ ಒಂದು ಕ್ರೆಡಿಟ್. ನಮ್ಮ ನಾಲ್ಕು ವರ್ಷಕ್ಕೆ 160 ಅಂದರೆ ಸೆಮಿಸ್ಟರ್‌ಗೆ ಸುಮಾರು 20. ಹಾಗಾಗಿ ನಮ್ಮ ನಾಲ್ಕು ಕ್ರೆಡಿಟ್‌ನ ಪೇಪರ್‌ಗೆ ಅಲ್ಲಿನ ಆರು ಕ್ರೆಡಿಟ್ ಹೆಚ್ಚುಕಮ್ಮಿ ಸಮ. ಸಿಂಧುಗೆ ಇದೆಲ್ಲ ಗೊತ್ತಿತ್ತು. ಆದರೆ ಕೂತು ಗುಣಿಸಿ ನೋಡಿರಲಿಲ್ಲ. ಅವಳ ಕೈಗೇ ಕ್ಯಾಲ್ಕುಲೇಟರ್ ಕೊಟ್ಟೆ.

42ನ್ನು 30ರಿಂದ ಗುಣಿಸಿದರೆ 1,260 ಗಂಟೆ. ಕ್ಲಾಸ್ ಶುರುವಾಗಿ ಪರೀಕ್ಷೆ ಮುಗಿಯುವ ತನಕ 20 ವಾರ ಅಂತ ಹಿಡಿದರೂ ವಾರಕ್ಕೆ 63 ಗಂಟೆ. ಭಾನುವಾರವೂ ಸೇರಿ ದಿನಕ್ಕೆ ಒಂಬತ್ತು ಗಂಟೆ. ಇದರ ಮೇಲೆ ಅಡುಗೆ, ಬಟ್ಟೆ, ಸಾಮಾನು ತರುವುದು, ಹೋದ ಹೊಸದರಲ್ಲಿ ನಗರದ ಕಚೇರಿಯಲ್ಲಿ ವಿಳಾಸ ನೋಂದಣಿ, ವಿಮೆ, ಬ್ಯಾಂಕು. ಎಲ್ಲ ಒಬ್ಬಳೇ ಮಾಡಬೇಕು.

ಸಂಖ್ಯೆ ನೋಡಿ ಸುಮ್ಮನಾದಳು. ಆಮೇಲೆ, "ಆದ್ರೂ ಕಮ್ಮಿ ಮಾಡೋಕೆ ಆಗಲ್ಲ ಮೇಡಂ" ಅಂದಳು.

ಇಂಥ ಮಾತು ಬಂದಾಗ ನಾನು ವಾದ ಮಾಡುವುದಿಲ್ಲ. ಲೆಕ್ಕ ಎದುರಿಗೇ ಇದ್ದೂ ಬುದ್ಧಿವಂತ ಹುಡುಗಿಯೊಬ್ಬಳು ಆಗಲ್ಲ ಅಂತಾಳೆಂದರೆ, ಲೆಕ್ಕದ ಆಚೆ ಏನೋ ಇದೆ ಅಂತಲೇ ಅರ್ಥ. "ಯಾವುದಾದರೂ ಒಂದನ್ನ ತೆಗೆದೆ ಅಂತ ಇಟ್ಕೋ, ಮೊದಲು ಯಾರ ಮುಖ ನೆನಪಾಗುತ್ತೆ?" ಅಂತ ಕೇಳಿದೆ.

"ಅಮ್ಮಂದು."

ಸ್ವಲ್ಪ ಹೊತ್ತು ಅತ್ತಳು. ನಾನು ಕಾದೆ. ವಿಷಯ ಇಷ್ಟು. ವಿನಿಮಯದಲ್ಲಿ ಹೋಗುವವರಿಗೆ ಅಲ್ಲಿ ಕಲಿಕಾ ಶುಲ್ಕವಿಲ್ಲ, ಇಲ್ಲಿನ ಫೀಸು ಕಟ್ಟಿದರೆ ಸಾಕು. ಆದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಬೇಕು, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಬ್ಯಾಂಕ್ ಖಾತೆ. ಆಗ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಆರು ತಿಂಗಳ ದುಡ್ಡು ಮೊದಲೇ ಇಡಬೇಕಿತ್ತು. ಅದೇ ಐದು ಲಕ್ಷ ರೂಪಾಯಿ ದಾಟುತ್ತಿತ್ತು. ಅವರದು ಚನ್ನಗಿರಿ ಕಡೆ ಎರಡು ಎಕರೆ ಅಡಿಕೆ ತೋಟ. ಸೊಸೈಟಿ ಸಾಲ ಸಾಲದೆ ಅಮ್ಮನ ಬಳೆಗಳನ್ನು ಅಡವಿಟ್ಟಿದ್ದರು. ಮನೆಯಲ್ಲಿ ಯಾರೂ ಇದನ್ನು ಸಿಂಧುಗೆ ಹೇಳಿರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಅಮ್ಮ ಒಬ್ಬಟ್ಟು ಬಡಿಸುತ್ತಿದ್ದರಂತೆ, ಕೈ ಬರಿದಾಗಿತ್ತು. ಬರೀ ಗಾಜಿನ ಬಳೆ. ಅವತ್ತಿನಿಂದ ಅವಳು ಕೋರ್ಸ್ ಸೇರಿಸುತ್ತಾ ಹೋಗಿದ್ದಳು. ಅಷ್ಟು ದುಡ್ಡು ಹಾಕಿ ಹೋಗುವಾಗ ನಾಲ್ಕೇ ಕೋರ್ಸ್ ಮಾಡಿ ಬಂದರೆ ಹೇಗೆ ಅಂತ.

ಹೊರದೇಶಕ್ಕೆ ಹೊರಟ ನಮ್ಮ ಮಕ್ಕಳಲ್ಲಿ ನಾನು ಜಾಸ್ತಿ ಕಾಣುವುದು ಇದನ್ನೇ. ಮನೆಯವರು ಹೊತ್ತ ಭಾರವನ್ನು ಕೋರ್ಸ್ ಎಣಿಸಿ ತೀರಿಸಲು ಹೋಗುತ್ತಾರೆ. ಅದು ಪ್ರೀತಿ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಕೋರ್ಸ್ ಪಟ್ಟಿ ಆ ಕೆಲಸಕ್ಕೆ ಆಗುವ ವಸ್ತು ಅಲ್ಲ.

ಅವಳ ಒಪ್ಪಿಗೆ ಪಡೆದು, ಅವಳ ಎದುರಿಗೇ ಅಪ್ಪನಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, "ಬಳೆ ವಿಷಯ ಅವಳಿಗೆ ಯಾರು ಹೇಳಿದ್ರು?" ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಮೇಡಂ, ನಾನು ಕೋರ್ಸ್ ಎಣಿಸಿ ದುಡ್ಡು ಕೊಟ್ಟಿಲ್ಲ. ಎಷ್ಟು ತಗೊಂಡ್ರೆ ಇಲ್ಲಿ ಅವಳ ವರ್ಷ ಹಾಳಾಗಲ್ವೋ ಅಷ್ಟು ಹೇಳಿ ಸಾಕು" ಅಂದರು. ಸ್ಪೀಕರ್ ಹಾಕಿದ್ದೆ. ಸಿಂಧು ಮೇಜಿನ ಮೇಲಿದ್ದ ಹಾಳೆಯನ್ನು ಉಗುರಿನಿಂದ ಮಡಿಸುತ್ತಾ ಕೇಳಿಸಿಕೊಂಡಳು.

ಅಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ. ಎರಡನೇ ಭೇಟಿಯಲ್ಲಿ ಅಲ್ಲಿಂದಲೇ ಶುರುಮಾಡಿದೆವು. ಅಲ್ಲಿ ಏನೇನು ಸಿಗುತ್ತದೆ ಅನ್ನುವುದು ಆಮೇಲೆ. ವಾಪಸ್ ಬಂದಾಗ ನಿನ್ನ ಕಾಲೇಜು ಏನನ್ನು ಒಪ್ಪಿಕೊಳ್ಳುತ್ತದೆ? ಏಳನೇ ಸೆಮಿಸ್ಟರಿನ ಸಿಲಬಸ್ ತೆಗೆದೆವು. ತಲಾ ನಾಲ್ಕು ಕ್ರೆಡಿಟ್‌ನ ಎರಡು ಕಡ್ಡಾಯ ಪೇಪರ್, ತಲಾ ಮೂರರ ಎರಡು ಐಚ್ಛಿಕ, ಎರಡರ ಒಂದು ಲ್ಯಾಬ್, ನಾಲ್ಕರ ಪ್ರಾಜೆಕ್ಟ್. ಪ್ರಾಜೆಕ್ಟನ್ನು ಇಲ್ಲಿನ ತಂಡದ ಜೊತೆ ಆನ್‌ಲೈನಿನಲ್ಲಿ ಮುಂದುವರಿಸಬಹುದು ಅಂತ ಗೈಡ್ ಹೇಳಿದ್ದರು. ಅಂದರೆ ಅಲ್ಲಿಂದ ತರಲೇಬೇಕಾದದ್ದು ನಾಲ್ಕು ಪೇಪರ್. ಎಂಟಲ್ಲ.

ಆಮೇಲೆ ಅವಳ ಪಟ್ಟಿಯ ಒಂದೊಂದನ್ನೂ ಅಲ್ಲಿನ ಮಾಡ್ಯೂಲ್ ಹ್ಯಾಂಡ್‌ಬುಕ್‌ನಲ್ಲಿ (ಕೋರ್ಸ್‌ಗಳ ವಿವರವಿರುವ ಕೈಪಿಡಿ) ತೆಗೆದು ಓದಲು ಹೇಳಿದೆ. ಬರೀ ಹೆಸರಲ್ಲ, ಪೂರ್ತಿ ಪುಟ. ಒಂದು ಸಂಜೆ ಹಿಡಿಯಿತು. ಎಂಬೆಡೆಡ್ ಸಿಸ್ಟಮ್ಸ್ ಬೇಸಿಗೆ ಸೆಮಿಸ್ಟರಿನಲ್ಲಿ ಮಾತ್ರ ಇತ್ತು. ಅವಳು ಹೋಗುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದ ಸೆಮಿಸ್ಟರಿಗೆ. ರೊಬೊಟಿಕ್ಸ್‌ನ ಹೆಸರು ಇಂಗ್ಲಿಷ್‌ನಲ್ಲಿತ್ತು, ಪಾಠ ಜರ್ಮನ್‌ನಲ್ಲಿ. ಜರ್ಮನಿಯಲ್ಲಿ ಬ್ಯಾಚುಲರ್ ಮಟ್ಟದ ಪಾಠ ಬಹುಪಾಲು ಜರ್ಮನ್‌ನಲ್ಲೇ ನಡೆಯುತ್ತದೆ. ಇಂಗ್ಲಿಷ್ ಕೋರ್ಸ್‌ಗಳು ಸಿಗುವುದು ಹೆಚ್ಚಾಗಿ ಮಾಸ್ಟರ್ಸ್‌ನಲ್ಲಿ. ಅವಳ ವೈರ್‌ಲೆಸ್ ಕಮ್ಯುನಿಕೇಷನ್ ಕೂಡ ಮಾಸ್ಟರ್ಸ್ ಪೇಪರೇ. ವಿನಿಮಯಕ್ಕೆ ಬಂದ ಬ್ಯಾಚುಲರ್ ವಿದ್ಯಾರ್ಥಿಗೆ ಅದನ್ನು ತೆಗೆದುಕೊಳ್ಳಲು ಬಿಡುತ್ತಾರಾ, ಯಾವ ವಿಷಯ ಮೊದಲೇ ಓದಿರಬೇಕು ಅಂತ ಅಲ್ಲಿನ ಸಂಯೋಜಕರಿಗೆ ಬರೆದು ಕೇಳು ಅಂದೆ. ಬಿಡುತ್ತೇವೆ ಅಂತ ಉತ್ತರ ಬಂತು. ಆ ಮೇಲ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿಸಿದೆ.

ಅವಳು ಒಂದು ಕೋರ್ಸನ್ನು ಸುಮ್ನೆ ಬಿಟ್ಟಿದ್ದಳು, ಸೆನ್ಸರ್‌ಗಳ ಬಗ್ಗೆ. ವೇಳಾಪಟ್ಟಿಯಲ್ಲಿ ಒಂದು ಕ್ಲಾಸ್ 10ರಿಂದ 12, ಇದು 12ರಿಂದ 2. ಕಟ್ಟಡ ಬೇರೆ, ಓಡಿದರೂ ತಲುಪಲ್ಲ ಅಂದುಕೊಂಡಿದ್ದಳು. ಗಂಟೆಯ ಪಕ್ಕದಲ್ಲಿ ಸಣ್ಣದಾಗಿ "ಸಿ.ಟಿ." ಅಂತ ಇತ್ತು. ಅಂದರೆ ಪಾಠ ಶುರುವಾಗುವುದು ಗಂಟೆ ಹೊಡೆದು 15 ನಿಮಿಷಕ್ಕೆ. 10.15ಕ್ಕೆ ಶುರುವಾಗಿ 11.45ಕ್ಕೆ ಮುಗಿಯುತ್ತದೆ. ನಡುವೆ ಅರ್ಧ ಗಂಟೆ ಸಿಗುತ್ತದೆ. ಅಲ್ಲಿನ ಹಳೇ ಪದ್ಧತಿ ಅದು. ಆ ಕೋರ್ಸನ್ನು ಪಟ್ಟಿಯ ಕೆಳಗೆ ಮೀಸಲು ಅಂತ ಬರೆದಿಟ್ಟೆವು. ಮೀಸಲು ಇಲ್ಲದೆ ಯಾರೂ ಹೊರಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೇ ತಿಂಗಳಲ್ಲಿ ಕಾಣುವ ವೇಳಾಪಟ್ಟಿ ಅಕ್ಟೋಬರಿನಲ್ಲಿ ಹಾಗೇ ಇರುವುದು ಅಪರೂಪ.

ಕೊನೆಗೆ ಉಳಿದದ್ದು: ವೈರ್‌ಲೆಸ್ 6, ವಿಎಲ್‌ಎಸ್‌ಐ 6, ಮಷಿನ್ ಲರ್ನಿಂಗ್ 6, ಇಮೇಜ್ ಪ್ರೊಸೆಸಿಂಗ್ 5. ಜೊತೆಗೆ ಜರ್ಮನ್ 5. ಒಟ್ಟು 28. ಭಾಷೆಯ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರಲ್ಲ, ಅದನ್ನೂ ಬಿಟ್ಟುಬಿಡಲಾ ಅಂದಳು. ಬೇಡ ಅಂದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಾಸ್ಟೆಲ್ ಅಡುಗೆಮನೆಯಲ್ಲಿ ನಾಲ್ಕು ಮಾತು ಆಡಲು ಬಂದರೆ ಒಂಟಿತನ ಅರ್ಧ ಕಮ್ಮಿಯಾಗುತ್ತದೆ. ನಾನು ಅವಳ ಸಿಜಿಪಿಎ (ಒಟ್ಟು ಸರಾಸರಿ ಗ್ರೇಡ್) ಅಷ್ಟೇ ನೋಡುತ್ತಿರಲಿಲ್ಲ, ನವೆಂಬರ್ ಕೊನೆಯ ಸಂಜೆಗಳನ್ನೂ ನೋಡುತ್ತಿದ್ದೆ. ಆಗ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು.

ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಹೋಗುವ ಮುಂಚೆ ಇನ್ನೂ ಕೆಲವು ಮಾತು ಹೇಳಿದೆ. ಯಾವ ಪೇಪರ್‌ಗೆ ಯಾವುದು ಸಮ ಅಂತ ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ (ಕೋರ್ಸ್‌ಗಳ ಒಪ್ಪಂದ ಪತ್ರ) ಬರೆಸಿ ಸಹಿ ಹಾಕಿಸಿಕೋ. "ಬಂದ್ಮೇಲೆ ನೋಡೋಣ" ಅಂದರೆ ಒಪ್ಪಬೇಡ, ವಿನಯವಾಗಿಯೇ ಇನ್ನೊಂದು ಸಲ ಕೇಳು. ಅಲ್ಲಿನ ಗ್ರೇಡ್ ಇಲ್ಲಿನ ಸಿಜಿಪಿಎಗೆ ಸೇರುತ್ತದಾ, ಬರೀ ಪಾಸ್ ಅಂತ ಬರುತ್ತದಾ, ಅದನ್ನೂ ಬರವಣಿಗೆಯಲ್ಲಿ ಪಡೆ. ಅಲ್ಲಿ ಕೋರ್ಸಿಗೆ ಸೇರಿದರೆ ಪರೀಕ್ಷೆಗೆ ಸೇರಿದ ಹಾಗಲ್ಲ. ಪರೀಕ್ಷೆಗೆ ಬೇರೆಯೇ ನೋಂದಣಿ, ಅದಕ್ಕೆ ಕೊನೇ ದಿನಾಂಕ ಇರುತ್ತದೆ. ತಪ್ಪಿದರೆ ಬರೆಯಲು ಬಿಡುವುದಿಲ್ಲ. ಇಲ್ಲಿ ಇಂಟರ್ನಲ್ಸ್, ಅಂದರೆ ಸೆಮಿಸ್ಟರಿನ ನಡುವಿನ ಪರೀಕ್ಷೆಗಳ ಅಂಕ, ಕೈ ಹಿಡಿಯುತ್ತದೆ. ಅಲ್ಲಿ ಎಷ್ಟೋ ಕೋರ್ಸ್‌ಗಳಲ್ಲಿ ಕೊನೆಯ ಒಂದೇ ಪರೀಕ್ಷೆಯ ಮೇಲೆ ಪೂರ್ತಿ ಗ್ರೇಡ್. ಹಾಜರಾತಿ ಕೇಳುವವರೂ ಇರುವುದಿಲ್ಲ. ಡಿಸೆಂಬರ್ ತನಕ ಆರಾಮಾಗಿ ಕಾಣುತ್ತದೆ, ಫೆಬ್ರವರಿಯಲ್ಲಿ ಎಲ್ಲ ಒಟ್ಟಿಗೆ ಬಂದು ಕೂರುತ್ತದೆ. ಇದನ್ನು ಎರಡು ಸಲ ಹೇಳಿದೆ.

ದಿನಾಂಕದ ತೊಡಕೂ ಇತ್ತು. ಇಲ್ಲಿ ಎಂಟನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಅಲ್ಲಿ ಇನ್ನೂ ಪರೀಕ್ಷೆ. ಅಂಕಪಟ್ಟಿ ಅದಕ್ಕಿಂತ ತಡ. ತಡವಾಗಿ ಸೇರಲು ಅನುಮತಿ ಪತ್ರವನ್ನು ಹೊರಡುವ ಮುಂಚೆಯೇ ಪಡೆದಳು. ಲ್ಯಾಬನ್ನು ವಾಪಸ್ ಬಂದ ಮೇಲೆ ಮಾಡುವುದು ಅಂತ ಆಯಿತು.

ನಿದ್ದೆಗೆ ಹೇಳಿದ್ದು ಕಮ್ಮಿ. ರಾತ್ರಿ ಒಂಬತ್ತರ ಮೇಲೆ ಪಟ್ಟಿ ಮುಟ್ಟಬಾರದು, ಹಾಳೆ ನನ್ನ ಡ್ರಾಯರಿನಲ್ಲಿರಲಿ ಅಂದೆ. ಒಪ್ಪಿದಳು. ವಾರದಲ್ಲಿ ನಿದ್ದೆ ಸರಿಹೋಯಿತು. ಹೋಗದಿದ್ದರೆ ಡಾಕ್ಟರ ಹತ್ತಿರ ಕಳಿಸುವವಳಿದ್ದೆ.

ಅಕ್ಟೋಬರ್ ಕೊನೆಗೆ ಮೆಸೇಜ್ ಬಂತು. ಬುಧವಾರ ಇಮೇಜ್ ಪ್ರೊಸೆಸಿಂಗ್ ಪಾಠ ಮತ್ತು ವಿಎಲ್‌ಎಸ್‌ಐ ಅಭ್ಯಾಸ ತರಗತಿ ಒಂದೇ ಹೊತ್ತಿಗೆ ಬಿದ್ದಿವೆ. ಮೀಸಲಿದ್ದ ಸೆನ್ಸರ್ ಕೋರ್ಸಿಗೆ ಬದಲಿಸಿಕೊಂಡು ಎಚ್‌ಒಡಿಗೆ ಮೇಲ್ ಹಾಕಿದ್ದಾಳೆ, ದೀಪಾವಳಿ ರಜೆ, ಉತ್ತರ ಇಲ್ಲ. ಕ್ಲಾಸಿಗೆ ಹೋಗುತ್ತಿರು, ಉತ್ತರ ಬರುವ ತನಕ ಎರಡರ ಟಿಪ್ಪಣಿಯನ್ನೂ ಇಟ್ಟುಕೋ ಅಂದೆ. ಐದನೇ ದಿನ ಒಪ್ಪಿಗೆ ಬಂತು.

ಏಪ್ರಿಲ್‌ನಲ್ಲಿ ಅವಳ ಅಪ್ಪ ಗಾಬರಿಯಿಂದ ಫೋನ್ ಮಾಡಿದರು. "ಮೇಡಂ, ಒಂದರಲ್ಲಿ 1.7 ಅಂತೆ, ಇನ್ನೊಂದರಲ್ಲಿ 3 ಅಂತೆ. 1.7 ಅಂದ್ರೆ ಹೋಯ್ತಾ?" ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0ರ ತನಕ ಪಾಸು, 5.0 ಫೇಲು ಅಂತ ವಿವರಿಸಿದೆ. "ಹಂಗಾದ್ರೆ 3 ಬಂದಿದ್ದೇ ಕಮ್ಮೀನಾ?" ಅಂದರು. ಹೌದು, ವೈರ್‌ಲೆಸ್ ಪೇಪರ್ ಅವಳಿಗೆ ಕಷ್ಟವಾಗಿತ್ತು. ಆದರೂ ನಾಲ್ಕೂ ಪಾಸು.

ಈಗ ಅವಳು ಎಂಟನೇ ಸೆಮಿಸ್ಟರಿನಲ್ಲಿದ್ದಾಳೆ. ಬಾಕಿ ಇದ್ದ ಲ್ಯಾಬನ್ನು ಶನಿವಾರ ಮಧ್ಯಾಹ್ನ ಜೂನಿಯರ್‌ಗಳ ಜೊತೆ ಮಾಡುತ್ತಾಳೆ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ. ಮುಂದಿನ ಕೊಯ್ಲಿಗೆ ಬಿಡಿಸುತ್ತೇವೆ ಅಂದಿದ್ದಾರಂತೆ ಅಪ್ಪ. ಅದನ್ನು ಈ ಸಲ ಅವರೇ ಅವಳಿಗೆ ಹೇಳಿದರು.