'ಕ' ಒಡೆದು ಮೂರಾಯಿತು, ಏನು ಮಾಡಲಿ?

ಪ್ರಶ್ನೆ: ಲೇಟೆಕ್‌ನಲ್ಲಿ (ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶದ ಮೇಲೆ ಕಟ್ಟಿದ ವ್ಯವಸ್ಥೆ) ಪುಸ್ತಕ ಜೋಡಿಸುತ್ತಿದ್ದೇನೆ. ಕನ್ನಡದ ನಡುವೆ ಅಲ್ಲಲ್ಲಿ ಫ್ರೆಂಚ್ ಹೆಸರುಗಳೂ ಬರುತ್ತವೆ. ಗೆಳೆಯರು ಕಳಿಸಿದ ಒಂದು ಅಧ್ಯಾಯ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಇನ್ನೊಂದು ಅಧ್ಯಾಯದಲ್ಲಿ ಕೆಲವು ಅಕ್ಷರಗಳ ಜಾಗದಲ್ಲಿ ಖಾಲಿ ಚೌಕ. ಫಾಂಟ್ ಬದಲಿಸಿ ಬದಲಿಸಿ ಸಾಕಾಗಿದೆ.

ಉತ್ತರ: ಫಾಂಟ್ ಬದಲಿಸೋದನ್ನು ಸ್ವಲ್ಪ ನಿಲ್ಲಿಸಿ. ಎರಡು ಅಧ್ಯಾಯಗಳದ್ದು ಬೇರೆ ಬೇರೆ ಕಾಯಿಲೆ, ಮೊದಲನೆಯದಕ್ಕೂ ಫಾಂಟಿಗೂ ಸಂಬಂಧವೇ ಇಲ್ಲ.

ಕಡತದಲ್ಲಿ ಇರುವುದು ಬರೀ ಬೈಟ್‌ಗಳು, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳು. ಯಾವ ಬೈಟ್ ಸೇರಿ ಯಾವ ಅಕ್ಷರ ಅಂತ ಹೇಳಲು ಒಂದು ಪಟ್ಟಿ ಬೇಕು. ಆ ಅಕ್ಷರಕ್ಕೆ ಫಾಂಟಿನಲ್ಲಿ ಯಾವ ಚಿತ್ರ ಅನ್ನಲು ಇನ್ನೊಂದು ಪಟ್ಟಿ. ಯಾವ ಪಟ್ಟಿ ತಪ್ಪಿದೆ ಅಂತ ಗೊತ್ತಾಗದೆ ಏನನ್ನೂ ಮುಟ್ಟಬಾರದು.

'ಕ' ತೆಗೆದುಕೊಳ್ಳಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಹೆಕ್ಸ್ (16ರ ಲೆಕ್ಕದ) ಸಂಖ್ಯೆ 0ಸಿ95. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದಾಗ ಮೂರು ಬೈಟ್ ಆಗುತ್ತದೆ: ಇ0, ಬಿ2, 95. ಇದನ್ನೇ ವಿಂಡೋಸ್-1252 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಪಟ್ಟಿ) ಅಂದುಕೊಂಡು ಓದುವ ತಂತ್ರಾಂಶಕ್ಕೆ ಒಂದೊಂದು ಬೈಟೂ ಒಂದೊಂದು ಅಕ್ಷರ. ತಲೆ ಮೇಲೆ ಓರೆ ಗೀಟಿರುವ ಇಂಗ್ಲಿಷಿನ 'ಎ', ಮೇಲಕ್ಕೆ ಹತ್ತಿ ಕೂತ ಪುಟ್ಟ 2, ಆಮೇಲೊಂದು ದಪ್ಪ ಚುಕ್ಕೆ. ಕನ್ನಡದ ಎಲ್ಲ ಅಕ್ಷರಗಳೂ ಇ0ಯಿಂದಲೇ ಶುರುವಾಗುತ್ತವೆ. ಹಾಗಾಗಿ ಪುಟದ ತುಂಬ ಆ ಗೀಟಿನ 'ಎ' ಕಾಣಿಸಿದರೆ ಬೇರೆ ಸಾಕ್ಷಿ ಬೇಡ. ಮೊದಲ ಪಟ್ಟಿ ತಪ್ಪಿದೆ.

ಎಡಿಟರ್‌ನಲ್ಲಿ ಆ ಕಡತವನ್ನು ಯುಟಿಎಫ್-8 ಅಂತ ಆರಿಸಿ ಮತ್ತೆ ತೆರೆಯಿರಿ. ಕಲಸಿಹೋಗಿ ಕಾಣುವಾಗ ಮಾತ್ರ ದಯವಿಟ್ಟು ಸೇವ್ ಮಾಡಬೇಡಿ. ಮಾಡಿದರೆ ಆ ಕಸವೇ ನಿಜವಾದ ಅಕ್ಷರ ಅಂತ ಕಡತಕ್ಕೆ ಹೋಗಿ ಕೂರುತ್ತದೆ, ಬಿಡಿಸೋದು ದೊಡ್ಡ ತಲೆನೋವು. ಟೆಂಪ್ಲೇಟ್ ಹಳೆಯದಾದರೆ ಕಡತವನ್ನು ಯಾವ ಪಟ್ಟಿಯಲ್ಲಿ ಓದಬೇಕು ಅಂತ ಹೇಳುವ ಅದರ ಇನ್‌ಪುಟ್‌ಎನ್ಕ್ ಸಾಲನ್ನೂ ನೋಡಿ. 2018ರಿಂದ ಲೇಟೆಕ್ ತಾನಾಗಿಯೇ ಯುಟಿಎಫ್-8 ಅಂತ ಓದುತ್ತದೆ. ಆ ಸಾಲಿನಲ್ಲಿ ಲ್ಯಾಟಿನ್1 (ಇದೂ ಹಳೆಯ ಯುರೋಪಿನ ಪಟ್ಟಿಯೇ) ಅಂತ ಇದ್ದರೆ ಅಳಿಸಿ.

ಖಾಲಿ ಚೌಕದ ಕಥೆ ಎರಡನೇ ಪಟ್ಟಿಯದು. ಅಕ್ಷರ ಸರಿಯಾಗೇ ಓದಿದೆ, ಆದರೆ ಆ ಫಾಂಟಿನಲ್ಲಿ ಅದರ ಚಿತ್ರ ಇಲ್ಲ. ಇಲ್ಲಿ ಫಾಂಟ್ ಬದಲಿಸಿ, ತಪ್ಪಿಲ್ಲ. ಕೆಲವು ಫಾಂಟ್‌ಗಳಲ್ಲಿ ಚೌಕವೂ ಬರುವುದಿಲ್ಲ, ಸುಮ್ನೆ ಜಾಗ ಬಿಟ್ಟಿರುತ್ತದೆ. ಯೂನಿಕೋಡ್ ಓದಬಲ್ಲ ಟೆಕ್ ಆದ ಝೀಟೆಕ್ ಇದಕ್ಕೆ ಕೆಲಸ ನಿಲ್ಲಿಸುವುದಿಲ್ಲ. ಲಾಗ್ ಕಡತದಲ್ಲಿ 'ಮಿಸ್ಸಿಂಗ್ ಕ್ಯಾರೆಕ್ಟರ್' ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಲಾಗ್ ಯಾರು ಓದ್ತಾರೆ, ಅಲ್ವಾ? ನಾನೂ ಓದದೆ ಕರಡು ಕಳಿಸಿ ಪೆಚ್ಚಾಗಿದ್ದೇನೆ. ಈಗ ಕಳೆದ ಅಕ್ಷರಗಳ ಬಗ್ಗೆ ಎಚ್ಚರಿಸುವ ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಸ್ವಿಚ್‌ನ ಬೆಲೆಯನ್ನು 3ಕ್ಕೆ ಇಟ್ಟುಬಿಡುತ್ತೇನೆ. 2021ರಿಂದ ಈಚಿನ ಟೆಕ್ ಲೈವ್‌ನಲ್ಲಿ (ಟೆಕ್ ತಂತ್ರಾಂಶಗಳ ಕಟ್ಟು) ಒಂದು ಅಕ್ಷರ ಕಳೆದುಹೋದರೂ ತಪ್ಪು ಅಂತ ಕೂಗುತ್ತದೆ.

ಫ್ರೆಂಚ್ ಹೆಸರುಗಳ ಬಗ್ಗೆ: ಟೆಕ್‌ನ ಮೂಲ ಫಾಂಟ್‌ಗಳಲ್ಲಿ 128 ಮನೆಗಳು ಮಾತ್ರ. ಗೀಟಿನ ಅಕ್ಷರ ಬೇಕಾದರೆ ಅಕ್ಷರದ ತಲೆ ಮೇಲೆ ಗೀಟು ಅಂಟಿಸುತ್ತಿದ್ದರು. ಹಾಗೆ ಅಂಟಿಸಿದ ಕಡೆಯಿಂದ ಮುಂದೆ ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಲು ಟೆಕ್‌ಗೆ ಬರುತ್ತಿರಲಿಲ್ಲ. 1990ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಟೆಕ್ ಬಳಕೆದಾರರು ಸೇರಿ 256 ಮನೆಗಳ ಟಿ1 ಪಟ್ಟಿ ಒಪ್ಪಿಕೊಂಡಿದ್ದು ಇದಕ್ಕೇ. ಆದರೆ ಕನ್ನಡಕ್ಕಾಗಿ ನೀವು ಝೀಲೇಟೆಕ್ ಅಥವಾ ಲುವಾಲೇಟೆಕ್ (ಯೂನಿಕೋಡ್ ಓದಬಲ್ಲ ಝೀಟೆಕ್, ಲುವಾಟೆಕ್ ಮೇಲೆ ಓಡುವ ಲೇಟೆಕ್) ಬಳಸಲೇಬೇಕು. ಅಲ್ಲಿ ಟಿ1 ಬೇಡ. ಟಿ1 ಅಂತ ಹೇಳುವ ಫಾಂಟ್‌ಎನ್ಕ್ ಸಾಲು ತೆಗೆದು, ಯೂನಿಕೋಡ್ ಫಾಂಟ್ ಆರಿಸಲು ಬಿಡುವ ಫಾಂಟ್‌ಸ್ಪೆಕ್ ಪ್ಯಾಕೇಜ್ ಹಾಕಿ.

ಪ್ರಶ್ನೆ: 'ಕ್ಷ' ಬರೆದರೆ ಕ್ ಬೇರೆ, ಷ ಬೇರೆ ನಿಲ್ಲುತ್ತದೆ. ಫಾಂಟ್ ಕೆಟ್ಟಿದೆಯೇ?

ಉತ್ತರ: ಇಲ್ಲ. ಫಾಂಟ್‌ಸ್ಪೆಕ್‌ನಲ್ಲಿ ಸ್ಕ್ರಿಪ್ಟ್ ಕನ್ನಡ ಅಂತ ಹೇಳಲು ಮರೆತಿದ್ದೀರಿ. ಲುವಾಲೇಟೆಕ್ ಆದರೆ ರೆಂಡರರ್ ಹಾರ್ಫ್‌ಬಜ್ (ಅಕ್ಷರಗಳನ್ನು ಒತ್ತಕ್ಷರವಾಗಿ ಕೂಡಿಸುವ ತಂತ್ರಾಂಶ) ಅಂತಲೂ ಸೇರಿಸಿ.

ಪ್ರಶ್ನೆ: ಪಿಡಿಎಫ್‌ನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅರ್ಕಾವೊತ್ತು ಇರುವ ಪದಗಳೇ ಜಾಸ್ತಿ ಕೆಡುತ್ತವೆ. ಯಾಕೆ?

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ. 'ಅರ್ಕ' ಪದ ಕಡತದಲ್ಲಿ ಅ, ರ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಕ ಅಂತ ಇರುತ್ತದೆ. ಪುಟದಲ್ಲಿ ಮಾತ್ರ ಮೊದಲು ಕ, ಅದರ ಬಲಕ್ಕೆ ಅರ್ಕಾವೊತ್ತು. ಪಿಡಿಎಫ್‌ನಲ್ಲಿ ಉಳಿಯುವುದು ಚಿತ್ರಗಳ ಸಂಖ್ಯೆ, ಅದೂ ಕಾಣುವ ಕ್ರಮದಲ್ಲಿ. ಚಿತ್ರದಿಂದ ಅಕ್ಷರಕ್ಕೆ ವಾಪಸ್ ಬರಲು ಟುಯೂನಿಕೋಡ್ ಅಂತ ಮೂರನೇ ಪಟ್ಟಿ ಇದೆ. ಅದು ಒಂದೊಂದೇ ಚಿತ್ರ ನೋಡುತ್ತದೆ, ಹಿಂದುಮುಂದಾದ ಕ್ರಮವನ್ನು ಸರಿಮಾಡುವುದಿಲ್ಲ. ಝೀಟೆಕ್‌ನಲ್ಲಿ ಝೀಟೆಕ್‌ಜನರೇಟ್‌ಆಕ್ಚುಯಲ್‌ಟೆಕ್ಸ್ಟ್ ಅನ್ನೋ ಉದ್ದ ಹೆಸರಿನ ಸ್ವಿಚ್ ಇದೆ, ಅದನ್ನು 1 ಮಾಡಿ. ಆಗ ಪದದ ಮೂಲ ಅಕ್ಷರಗಳೂ ಚಿತ್ರದ ಜೊತೆ ಪಿಡಿಎಫ್‌ಗೆ ಹೋಗುತ್ತವೆ. ಎಲ್ಲ ಪಿಡಿಎಫ್ ರೀಡರ್‌ಗಳೂ ಅದನ್ನು ಓದುವುದಿಲ್ಲ, ಎರಡು ಮೂರರಲ್ಲಿ ಅಂಟಿಸಿ ನೋಡಿ.