ಮಂದಿ ರೊಕ್ಕದಲ್ಲಿ ಸಮುದ್ರ ನೋಡಬಹುದೇ?

ಪ್ರಶ್ನೆ: ನನಗೆ 36 ವರ್ಷ. ಗಂಗಾವತಿಯ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ. ಕ್ಯಾನ್ಸರ್ ಬಂದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಬೆಂಗಳೂರಿನ ಸಂಸ್ಥೆಯೊಂದು ಡಿಸೆಂಬರ್‌ನಲ್ಲಿ ಕುಮಟಾದಿಂದ ಗೋಕರ್ಣಕ್ಕೆ ಎರಡು ದಿನದ ಕರಾವಳಿ ಚಾರಣ ಇಟ್ಟಿದೆ. ಜೊತೆಗೆ ಗೈಡ್ ಇರುತ್ತಾರೆ. ಸೇರಿದವರು ತಲಾ 30,000 ರೂಪಾಯಿ ದೇಣಿಗೆ ತರಬೇಕು. ಅದರಲ್ಲಿ 12,000 ನಮ್ಮ ಊಟ, ವಸತಿ, ಗೈಡ್ ಖರ್ಚಿಗೆ ಹೋಗುತ್ತದೆ. ನಾನು ಹೆಸರು ಕೊಟ್ಟಿದ್ದೇನೆ. ಇಲ್ಲಿವರೆಗೆ ಕೂಡಿದ್ದು 6,500. ಮೊನ್ನೆ ಕುಬಸದ (ಸೀಮಂತದ) ಕಾರ್ಯಕ್ರಮದಲ್ಲಿ ನಾದಿನಿ ಎಲ್ಲರ ಮುಂದೆ "ಮಂದಿ ರೊಕ್ಕದಾಗ ಸಮುದ್ರ ನೋಡಾಕ ಹೊಂಟಾಳ" ಅಂದಳು. ಅತ್ತೆಯೂ ನಕ್ಕರು. ಈ ನಡುವೆ ನಮ್ಮ ಬ್ಯಾಂಕಿನ ಗ್ರಾಹಕರಾದ ರೈಸ್ ಮಿಲ್ ಮಾಲೀಕರೊಬ್ಬರು "ಉಳಿದದ್ದು ನಾ ಕೊಡ್ತೀನಿ ಬಿಡ್ರಿ" ಎಂದಿದ್ದಾರೆ. ತಗೋ ಅಂತಾರೆ ನನ್ನ ಗಂಡ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ನಿಜ ಹೇಳಬೇಕೆಂದರೆ ನಾನು ಇನ್ನೂ ಸಮುದ್ರ ನೋಡಿಲ್ಲ. ಏನು ಮಾಡಲಿ?

ಉತ್ತರ: ಮಿಲ್ ಮಾಲೀಕರ ವಿಷಯ ಮೊದಲು ಮುಗಿಸೋಣ. ಆ ಹಣ ಬೇಡ. ನೀವಿರುವುದು ಸಾಲ ವಿಭಾಗದಲ್ಲಿ. ಅವರ ಸಾಲದ ಮಿತಿಯನ್ನು ನವೀಕರಿಸುವ (ಲಿಮಿಟ್ ರಿನೀವಲ್) ಫೈಲು ಇವತ್ತಲ್ಲ ನಾಳೆ ನಿಮ್ಮ ಟೇಬಲ್‌ಗೆ ಬರುತ್ತದೆ. ಅವರ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು, ಒಳ್ಳೆಯ ಮನುಷ್ಯರೇ ಇರಬಹುದು. ಆದರೂ ಆ ಫೈಲಿಗೆ ನೀವು ಸಹಿ ಹಾಕುವಾಗ ಈ ದುಡ್ಡು ನೆನಪಾಗದೇ ಇರುತ್ತದೆಯೇ? ನಿಮಗೆ ನೆನಪಾಗದಿದ್ದರೂ ಪಕ್ಕದ ಟೇಬಲ್‌ನವರಿಗೆ ಖಂಡಿತ ಆಗುತ್ತದೆ. ನಿಮ್ಮ ಮನಸ್ಸು ಒಪ್ಪದೇ ಇದ್ದುದಕ್ಕೆ ಕಾರಣ ಇದೇ ಇರಬೇಕು.

ಹೇಗೆ ಬೇಡ ಅನ್ನಲಿ ಎಂದು ಒದ್ದಾಡಬೇಡಿ. ನೇರವಾಗಿ ಹೇಳಿ: "ಸಾವಕಾರ್ರ, ನಿಮ್ಮ ಫೈಲು ನನ್ನ ಕೈಯಾಗ ಬರ್ತೈತ್ರಿ. ಈಗ ನಿಮ್ಮ ಕಡೆ ರೊಕ್ಕ ತಗೊಂಡ್ರ ನಿಮಗೂ ಚಲೋ ಅಲ್ಲ, ನನಗೂ ಚಲೋ ಅಲ್ಲ. ಕೊಡೋ ಮನಸ್ಸಿದ್ರ ಸಂಸ್ಥೆಗೆ ನೀವೇ ಕೊಡ್ರಿ, ನನ್ನ ಹೆಸರಿನ ಲೆಕ್ಕಕ್ಕ ಹಾಕಬ್ಯಾಡ್ರಿ." ವ್ಯಾಪಾರಸ್ಥರಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಬೆಳೆ ಸಾಲಕ್ಕೆ ಬರುವ ರೈತರಿಗೂ ಇದೇ ಲೆಕ್ಕ. ಅವರು ಇಲ್ಲ ಅನ್ನಲಾರರು. ಹಾಗಾಗಿ ಅವರನ್ನು ಕೇಳಲೇಬಾರದು. ನೀವು ದೇಣಿಗೆ ಕೂಡಿಸುತ್ತಿರುವುದು ಮ್ಯಾನೇಜರ್‌ಗೆ ಗೊತ್ತಿರಲಿ, ಅದೂ ಬರವಣಿಗೆಯಲ್ಲಿ.

ಈಗ ನಾದಿನಿಯ ಮಾತು. ಆಕೆ ಹೇಳಿದ ಜಾಗ ತಪ್ಪು, ಧಾಟಿಯೂ ತಪ್ಪು. ಕುಬಸಕ್ಕೆ ಬಂದವರ ಮುಂದೆ ಹಾಗೆ ಅನ್ನಬಾರದಿತ್ತು. ಆದರೆ ಲೆಕ್ಕ? 30,000ದಲ್ಲಿ 12,000 ಅಂದರೆ ನೂರಕ್ಕೆ ನಲವತ್ತು. ನಿಮ್ಮ ಚಿಕ್ಕಪ್ಪ ಮಕ್ಕಳ ಚಿಕಿತ್ಸೆಗೆಂದು 500 ರೂಪಾಯಿ ಕೊಟ್ಟರೆ ಅದರಲ್ಲಿ 200 ನಿಮ್ಮ ಮೀನೂಟಕ್ಕೋ ಟೆಂಟಿಗೋ ಹೋಗುತ್ತದೆ. ಅದು ಅವರಿಗೆ ಗೊತ್ತಿದೆಯೇ? ನೀವು ಸುಳ್ಳು ಹೇಳಿಲ್ಲ, ನಿಜ. ಹೇಳಿಯೂ ಇಲ್ಲ, ಅಲ್ವಾ?

ಆ 12,000ವನ್ನು ನಿಮ್ಮ ಸಂಬಳದಿಂದ ಕಟ್ಟಿ. ಒಂದೇ ಸಲ ಆಗದಿದ್ದರೆ ಎರಡು ತಿಂಗಳಲ್ಲಿ ಕಟ್ಟಿ. ಚಾರಣದ ಖರ್ಚು ಬೇರೆ, ದೇಣಿಗೆ ಬೇರೆ ಎಂದು ಸಂಸ್ಥೆಯವರಿಗೆ ಬರೆಯಿರಿ. ಒಪ್ಪಿದರೆ ನೀವು ಕೂಡಿಸಬೇಕಾದ್ದು 18,000, ಪೂರ್ತಿ ಮಕ್ಕಳಿಗೆ. ಒಪ್ಪದಿದ್ದರೆ ಯಾಕೆ ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ನಾನಾದರೆ ಹೆಸರು ವಾಪಸ್ ತೆಗೆಯುತ್ತೇನೆ.

ಹಣ ನಿಮ್ಮ ಫೋನ್‌ಪೇಗೆ ಬರುವುದು ಬೇಡ. ಸಂಸ್ಥೆಯ ಖಾತೆಗೆ ನೇರ ಹೋಗಲಿ, ಕೊಟ್ಟವರ ಹೆಸರಿಗೇ ರಸೀದಿ ಬರಲಿ. ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಸುಮ್ನೆ ಎಲ್ಲರಿಗೂ ಹೇಳಬೇಡಿ. ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ದೇಣಿಗೆ ವಿನಾಯಿತಿ ಮಾನ್ಯತೆ (80ಜಿ ಎಂದೇ ಜನ ಕರೆಯುವುದು) ಇರಬೇಕು, ಕೊಡುವವರು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ.

ನಮ್ಮ ಕಡೆ ಜನ ಕೊಡುವುದಿಲ್ಲ ಎಂದು ಮಾತ್ರ ಅನ್ನಬೇಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಬರುತ್ತದೆ. ಓಣಿಯ ಗುಡಿಗೆ ಪಟ್ಟಿ ಎತ್ತಿದರೆ ಬೀಡಿ ಕಟ್ಟುವಾಕೆಯೂ ಕೊಡುತ್ತಾಳೆ. ಅಲ್ಲಿ ಕೊಟ್ಟದ್ದು ಎಲ್ಲಿ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ನೀವು ಜನರಿಗೆ ಕಳಿಸಿರಬಹುದಾದ ವಾಟ್ಸ್ಆ್ಯಪ್ ಪೋಸ್ಟರ್‌ನಲ್ಲಿ ಕಾಣುವುದೇನು? ನಾನು ನೋಡಿಲ್ಲ, ಆದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ಮುಳುಗುವ ಸೂರ್ಯ, ಬ್ಯಾಗ್ ಹೊತ್ತ ಹುಡುಗಿ, ಮೇಲೆ ನಾಲ್ಕು ಇಂಗ್ಲಿಷ್ ಸಾಲು ಇರುತ್ತವೆ. ಅದನ್ನು ನೋಡಿದವರಿಗೆ ನಾದಿನಿಗೆ ಅನಿಸಿದ್ದೇ ಅನಿಸುತ್ತದೆ.

ಅದರ ಬದಲು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಮಕ್ಕಳಲ್ಲಿ ಹೆಚ್ಚಾಗಿ ಬರುವುದು ರಕ್ತದ ಕ್ಯಾನ್ಸರ್. ಅದರಲ್ಲಿ ಬಹುಪಾಲು ಮಕ್ಕಳಿಗೆ ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ, ಗುಣವಾಗುವವರೂ ಬಹಳ. ನಮ್ಮ ಜಿಲ್ಲೆಗಳಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ಸು ಹತ್ತುವ ತಂದೆತಾಯಿಗೆ ಔಷಧಿಯ ಖರ್ಚು ಸರ್ಕಾರಿ ಯೋಜನೆಯಲ್ಲಿ ಹೋದರೂ ಬಸ್ ಚಾರ್ಜು, ರೂಮ್ ಬಾಡಿಗೆ, ತಪ್ಪಿದ ಕೂಲಿ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ನಿಮ್ಮ ಸಂಸ್ಥೆ ಇದರಲ್ಲಿ ಯಾವುದಕ್ಕೆ ಹಣ ಕೊಡುತ್ತದೆ ಎಂದು ಕೇಳಿ ತಿಳಿದು ಬರೆಯಿರಿ. ಕೊನೆಗೆ "ನನ್ನ ಚಾರಣದ ಖರ್ಚು ನಾನೇ ಕಟ್ಟಿದ್ದೇನೆ" ಎಂಬ ಒಂದು ಸಾಲು. ಆ ಸಾಲಿನಿಂದಲೇ ಅರ್ಧ ದುಡ್ಡು ಬರುತ್ತದೆ ಎಂದು ನನ್ನ ಅಂದಾಜು.

ಸಮುದ್ರ ನೋಡುವ ಆಸೆಯನ್ನು ನೀವು ತಪ್ಪು ಒಪ್ಪಿಕೊಳ್ಳುವಂತೆ ಕೊನೆಯಲ್ಲಿ ಬರೆದಿದ್ದೀರಿ. ಯಾಕೆ? ಯುಗಾದಿಗೆ ಮುಂಚೆ ನಮ್ಮ ಭಾಗದಿಂದ ಎಷ್ಟು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ! ಅವರಿಗೆ ಭಕ್ತಿಯೂ ಇರುತ್ತದೆ, ಊರು ಬಿಟ್ಟು ನಾಲ್ಕು ದಿನ ಗೆಳೆಯರ ಜೊತೆ ನಡೆಯುವ ಖುಷಿಯೂ ಇರುತ್ತದೆ. ಯಾರೂ ಅದನ್ನು ಬಿಡಿಸಿ ತೂಗುವುದಿಲ್ಲ. ಅತ್ತೆಗೆ ಹಾಗೇ ಹೇಳಿ ನೋಡಿ. ಗೋಕರ್ಣ ಅಂದರೆ ಮಹಾಬಲೇಶ್ವರ ಇರುವ ಜಾಗ ಎಂಬುದನ್ನೂ ನೆನಪಿಸಿ. ಅವರ ನಗು ಕಡಿಮೆಯಾಗಬಹುದು.

ಹೋಗುವುದಾದರೆ ತಯಾರಾಗಿ ಹೋಗಿ. ಗಂಗಾವತಿಯ ಬಿಸಿಲು ತಡೆದವರಿಗೆ ಕರಾವಳಿಯ ಸೆಕೆ ಬೇರೆಯದೇ ಪಾಠ ಕಲಿಸುತ್ತದೆ. ಬೆವರು ಆರುವುದೇ ಇಲ್ಲ, ಡಿಸೆಂಬರ್‌ನಲ್ಲೂ. ಮರಳಿನಲ್ಲಿ ಕಾಲು ಹೂತು ಮೀನಖಂಡ ಹಿಡಿಯುತ್ತದೆ. ವಾರಕ್ಕೆರಡು ಸಲ ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿಯಿರಿ, ಚಾರಣಕ್ಕೆ ಹಾಕುವ ಶೂ ಹಾಕಿಕೊಂಡೇ. ಉಳಿದ ದಿನ ಬೆಳಿಗ್ಗೆ ಎಡದಂಡೆ ಕಾಲುವೆ ಪಕ್ಕ ನಡೆದರೆ ಸಾಕು.

ನೀರಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅದು ಮಳೆಗಾಲವಲ್ಲ. ಮೊದಲ ಸಲ ಸಮುದ್ರ ನೋಡುವವರಿಗೆ ಮೊಣಕಾಲುದ್ದ ನೀರು ತುಂಗಭದ್ರೆಯ ದಂಡೆಯಂತೆಯೇ ಕಾಣುತ್ತದೆ. ಆದರೆ ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಗೈಡ್ ಬೇಡ ಅಂದ ಕಡೆ ಪಾದವನ್ನೂ ಇಳಿಸಬೇಡಿ.

ಆ ದಾರಿಯಲ್ಲಿ ಅಘನಾಶಿನಿ ನದಿಯನ್ನು ದೋಣಿಯಲ್ಲಿ ದಾಟಿ ತದಡಿಗೆ ಬರಬೇಕು. ಮುಂದೆ ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚ್‌ಗಳ ನಡುವೆ ಬಂಡೆಯ ದಾರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರದ ಭರತ (ಉಬ್ಬರ) ಜೋರು. ದಿನಾಂಕ ಅದಕ್ಕೆ ಹೊಂದಿಸಿದ್ದಾರೆಯೇ, ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಹೆಂಗಸರಿಗೆ ಶೌಚಾಲಯ ಎಲ್ಲೆಲ್ಲಿ ಸಿಗುತ್ತದೆ, ಕಾಲು ಉಳುಕಿದರೆ ಗಾಡಿ ಎಲ್ಲಿಗೆ ಬರುತ್ತದೆ ಎಂದು ಕೇಳಿ. ಇದರಲ್ಲಿ ಯಾವುದನ್ನೂ ಕೇಳಲು ನಾಚಬೇಡಿ.

18,000 ಕೂಡದಿದ್ದರೆ ಕೂಡಿದಷ್ಟನ್ನು ಕೊಟ್ಟುಬಿಡಿ, ಚಾರಣ ಕೈಬಿಡಿ. ಹುಬ್ಬಳ್ಳಿ, ಅಂಕೋಲಾ ಮೇಲೆ ಗೋಕರ್ಣಕ್ಕೆ ಬಸ್ಸಿದೆ. ಗಂಡ, ಮಕ್ಕಳು, ಬೇಕಾದರೆ ನಾದಿನಿಯನ್ನೂ ಕರೆದುಕೊಂಡು ನಿಮ್ಮ ದುಡ್ಡಿನಲ್ಲೇ ಹೋಗಿ ಬನ್ನಿ. ಅದಕ್ಕಿಂತ ಮುಂಚೆ, ಈ ವಾರವೇ, ಸಂಸ್ಥೆಯವರಿಗೆ ಆ 12,000ದ ಪತ್ರ ಹೋಗಲಿ.